ಒಂದು ಸಲಕ್ಕೆ ಒಂದೇ ತಿರುಪು

ಫೆಬ್ರವರಿ ೮, ಸೋಮವಾರ

ಮಗಳ ವಿಷಯದಲ್ಲಿ ನೆನಪಾದದ್ದನ್ನೆಲ್ಲ ಬರೆದು ತನ್ನಿ ಎಂದು ಡಾಕ್ಟರಮ್ಮ ಹೇಳಿದ್ದರು. ಯಾವಾಗ ಶುರುವಾಯಿತು, ಮೊದಲು ಗಮನಿಸಿದವರು ಯಾರು, ನಿದ್ದೆ ಹೇಗಿತ್ತು, ಊಟ ಹೇಗಿತ್ತು. ಒಂದು ಪುಟ ಬರೆದು ಕೊಟ್ಟೆ. ಮನೆಗೆ ಬಂದ ಮೇಲೆ ಅನ್ನಿಸಿತು, ಇದು ಒಂದು ಪುಟಕ್ಕೆ ಮುಗಿಯುವ ಮಾತಲ್ಲ. ಅಂಗಡಿಯ ಹಳೇ ರಿಪೇರಿ ಪುಸ್ತಕದಲ್ಲಿ ಖಾಲಿ ಹಾಳೆಗಳು ಉಳಿದಿವೆ. ಇನ್ನು ಮೇಲೆ ಅದರಲ್ಲಿ ನನಗಾಗಿ ಬರೆದುಕೊಳ್ಳುತ್ತೇನೆ, ಡಾಕ್ಟರಮ್ಮನಿಗೆ ತೋರಿಸುವುದಕ್ಕಲ್ಲ. ಪ್ರತಿ ಹಾಳೆಯಲ್ಲೂ ಮೂರು ಅಂಕಣ ಅಚ್ಚಾಗಿದೆ: ದೂರು, ಕಾರಣ, ಬದಲಿಸಿದ ಭಾಗ. ಮೂವತ್ತೊಂದು ವರ್ಷದಿಂದ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದೇನೆ. ಕಾರಣದ ಅಂಕಣ ಖಾಲಿ ಬಿಟ್ಟು ಒಂದು ಮಿಷನ್ನನ್ನೂ ಅಂಗಡಿಯಿಂದ ಆಚೆಗೆ ಕಳಿಸಿದವನಲ್ಲ ನಾನು.

ಮೊದಲು ದೂರು. ಮಗಳಿಗೆ ಇಪ್ಪತ್ತೆರಡು ವರ್ಷ. ನಾನು ಕರೆಯುವುದು ಬಾಬಿನ್ ಎಂದು, ಮಿಷನ್ನಿನೊಳಗೆ ದಾರ ಸುತ್ತುವ ಪುಟ್ಟ ಉರುಳೆಯ ಹೆಸರು. ಅಂಬೆಗಾಲಿಡುವ ವಯಸ್ಸಿನಲ್ಲಿ ಅಂಗಡಿಯ ನೆಲದ ಮೇಲೆ ಉರುಳಿಕೊಂಡೇ ಹೋಗಿ ಮೇಜಿನಡಿ ಸೇರಿಕೊಳ್ಳುತ್ತಿದ್ದಳು, ಅಂದಿನಿಂದ ಅದೇ ಹೆಸರು. ಉಡುಪಿನ ಕಾರ್ಖಾನೆಯಲ್ಲಿ ಮಾದರಿ ಅಂಗಿ ಹೊಲಿಯುವ ಕೆಲಸ. ಎರಡನೇ ಸಾಲಿನ ಹೆಂಗಸರು ಮಿಷನ್ ಓಡಿಸುವ ಸದ್ದಿನಲ್ಲೇ ತನ್ನ ಸುದ್ದಿ ಮಾತಾಡಿಕೊಳ್ಳುತ್ತಾರೆ ಎಂದು ಡಿಸೆಂಬರಿನಲ್ಲಿ ಹೇಳಿದಳು. ನಾನು ನಕ್ಕೆ. ಜನವರಿಯಲ್ಲಿ ರೇಡಿಯೋದವನಿಗೂ ಗೊತ್ತಾಗಿದೆ ಎಂದಳು. ಆಮೇಲೆ ನಾಲ್ಕು ದಿನ ನಿದ್ದೆಯಿಲ್ಲ, ಸ್ನಾನವಿಲ್ಲ. ಅಮ್ಮ ಕೊಟ್ಟ ನೀರನ್ನೂ ಮೂಸಿ ನೋಡಿ ಚೆಲ್ಲಿದಳು. ಹದಿನೇಳು ದಿನ ಆಸ್ಪತ್ರೆಯಲ್ಲಿದ್ದು ಇವತ್ತು ಮನೆಗೆ ಬಂದಿದ್ದಾಳೆ.

ಸೈಕೋಸಿಸ್ ಎಂದು ಹೆಸರಂತೆ. ಇರುವುದು ಯಾವುದು, ಇಲ್ಲದ್ದು ಯಾವುದು ಎಂದು ಮನಸ್ಸಿಗೆ ಬೇರ್ಪಡಿಸಲಾಗದ ಸ್ಥಿತಿಯಂತೆ. ಯಾಕೆ ಬಂತು ಎಂದು ಕೇಳಿದೆ.

"ಒಂದೇ ಕಾರಣ ಅಂತ ಇರಲ್ಲ. ಹುಟ್ಟಿನಿಂದ ಬಂದ ಒಲವು ಒಂದಷ್ಟು ಇರುತ್ತೆ, ಮಿದುಳು ಬೆಳೆಯೋ ರೀತಿ ಒಂದಷ್ಟು, ನಿದ್ದೆಗೇಡು, ಒತ್ತಡ. ಎಲ್ಲ ಸೇರಿ ಆಗತ್ತೆ. ಯಾರ ತಪ್ಪೂ ಅಲ್ಲ ಇದು," ಎಂದರು.

ಕೈಲಾಗದ ಮೆಕ್ಯಾನಿಕ್ ಕೂಡ ಗಿರಾಕಿಗೆ ಹೀಗೇ ಹೇಳುವುದು. ಎಲ್ಲಾ ಸೇರಿ ಹಾಳಾಗಿದೆ ಕಣಮ್ಮಾ ಅಂತ.

ಒಂದು ಫಾರಂ ತುಂಬಿಸಿದರು. ಕುಟುಂಬದಲ್ಲಿ ಬೇರೆ ಯಾರಿಗಾದರೂ ಇಂಥ ತೊಂದರೆ ಇತ್ತೇ? ಇಲ್ಲ ಎಂದು ಬರೆದೆ.

ಫೆಬ್ರವರಿ ೧೧, ಗುರುವಾರ

ನನಗೆ ಕೆಲಸ ಕಲಿಸಿದ ಕುಳ್ಳ ಮೇಸ್ತ್ರಿ ಹೇಳುತ್ತಿದ್ದರು: "ಒಂದು ಸಲಕ್ಕೆ ಒಂದೇ ತಿರುಪು ಮುಟ್ಟು. ಎರಡು ಮುಟ್ಟಿದ್ರೆ ಯಾವುದರಿಂದ ಸರಿಹೋಯ್ತು ಅಂತ ಸಾಯೋವರೆಗೂ ಗೊತ್ತಾಗಲ್ಲ." ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿದೆ ಎಂದು ಮಿಷನ್ ಬಂದರೆ ಮೊದಲು ಸೂಜಿ ಬದಲಿಸಿ ಓಡಿಸಬೇಕು. ಸರಿಹೋಗಲಿಲ್ಲವೋ, ದಾರ. ಆಮೇಲೆ ಬಾಬಿನ್ ಕೇಸು, ಆಮೇಲೆ ಟೆನ್ಶನ್, ಅಂದರೆ ದಾರದ ಬಿಗಿ. ತಾಳ್ಮೆಯಿದ್ದರೆ ಕೊನೆಗೆ ಸಿಕ್ಕೇ ಸಿಗುತ್ತದೆ.

ಇದಕ್ಕೂ ಹಾಗೇ ಮಾಡುತ್ತೇನೆ. ಮೊದಲು ಫೋನು. ಕಿವಿಗೆ ಸಿಕ್ಕಿಸಿಕೊಂಡು ಹಗಲೆಲ್ಲ ಹಾಡು ಕೇಳುತ್ತಿದ್ದಳು. ಫೋನನ್ನೂ ರೇಡಿಯೋವನ್ನೂ ತೆಗೆದು ಅಂಗಡಿಯ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಕೊಡಲ್ಲ ಎಂದು ಹಟ ಮಾಡುತ್ತಾಳೆ ಅಂದುಕೊಂಡಿದ್ದೆ. "ತಗೋ ಅಪ್ಪಾ," ಎಂದು ತಾನೇ ಕೈಗಿತ್ತಳು. ಮಾತ್ರೆಗಳು ಅವಳನ್ನು ತೀರಾ ಮೆತ್ತಗೆ ಮಾಡಿಬಿಟ್ಟಿವೆ.

ಫೆಬ್ರವರಿ ೨೦, ಶನಿವಾರ

ಫೋನಲ್ಲ. ಹತ್ತು ದಿನವಾಯಿತು, ಇವತ್ತೂ ಗೋಡೆಯ ಕಡೆ ತಿರುಗಿ ಏನೋ ಪಿಸುಗುಟ್ಟುತ್ತಿದ್ದಳು.

ಅವಳ ಜೊತೆ ಕೆಲಸ ಮಾಡುವ ಕನ್ನಡಕದ ಹುಡುಗಿ ನೋಡಲು ಬಂದಿದ್ದಳು. ಚಾಕೊಲೇಟು ತಂದಿದ್ದಳು. ಇಬ್ಬರೂ ಒಳಗೆ ಕೂತು ಮಾತಾಡಿದರು, ಬಾಬಿನ್ ಒಂದು ಸಲ ನಕ್ಕದ್ದೂ ಕೇಳಿಸಿತು. ಯೋಚಿಸಿದೆ. ಕಾರ್ಖಾನೆಯ ಸುದ್ದಿಯೆಲ್ಲ ಮನೆಗೆ ಬರುವುದು ಇವಳ ಬಾಯಿಂದಲೇ. ಎರಡನೇ ಸಾಲಿನಲ್ಲಿ ಕೂರುವವಳೂ ಇವಳೇ. ಬಾಗಿಲ ತನಕ ಹೋಗಿ, ಇನ್ನೊಂದು ಸ್ವಲ್ಪ ದಿನ ಬರಬೇಡಮ್ಮ ಎಂದೆ.

"ನಾನೇನ್ ಮಾಡ್ದೆ ಅಂಕಲ್?" ಎಂದಳು.

ಏನೂ ಮಾಡಿಲ್ಲ, ಸುಮ್ಮನೆ ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ನನಗೇನು ಬೇಜಾರಾಗಲಿಲ್ಲವೇ?

ಮಾರ್ಚ್ ೩, ಬುಧವಾರ

ಕಾರ್ಖಾನೆಗೆ ಹೋಗಿ ಮಗಳು ಇನ್ನು ಬರುವುದಿಲ್ಲ ಎಂದು ಬರೆದುಕೊಟ್ಟು ಬಂದೆ. ಮೇಲ್ವಿಚಾರಕ ಒಳ್ಳೆಯವನು. "ಮೂರು ತಿಂಗಳು ರಜೆ ಅಂತಲೇ ಹಾಕ್ಕೊಳ್ತೀನಿ, ಅಂಥ ಕೈ ನಮಗೆ ಇನ್ನೊಂದು ಸಿಗಲ್ಲ," ಎಂದ. ಬೇಡ ಎಂದೆ. ಅರ್ಧ ಬಿಚ್ಚಿಟ್ಟರೆ ತಪಾಸಣೆ ಆಗುವುದಿಲ್ಲ.

ಡಾಕ್ಟರಮ್ಮನ ಹತ್ತಿರ ಹೋದಾಗ ಇದನ್ನು ಹೇಳಿದ್ದೇ ತಪ್ಪಾಯಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಫೋನ್ ಇಲ್ಲ, ಸ್ನೇಹಿತೆ ಇಲ್ಲ, ಕೆಲಸ ಇಲ್ಲ. ಇನ್ನು ಆ ಹುಡುಗಿ ಬೆಳಿಗ್ಗೆ ಎದ್ದು ಏನು ಮಾಡಬೇಕು ಹೇಳಿ? ವಾಸಿ ಆಗೋದಕ್ಕೆ ಅವಳಿಗೆ ಇವೆಲ್ಲ ಬೇಕು ಕಣ್ರೀ."

"ಕಾರಣ ಸಿಕ್ಕಿದ ತಕ್ಷಣ ಎಲ್ಲಾ ವಾಪಸ್ ಜೋಡಿಸ್ತೀನಿ ಡಾಕ್ಟ್ರೇ," ಎಂದೆ.

ಅವರು ನನ್ನನ್ನೇ ನೋಡಿದರು. "ನೀವು ಸರಿಯಾಗಿ ನಿದ್ದೆ ಮಾಡ್ತಿದೀರಾ?" ಎಂದು ಕೇಳಿದರು. ಕಾಯಿಲೆ ಯಾರಿಗೆ, ಪ್ರಶ್ನೆ ಯಾರಿಗೆ!

ಮಾರ್ಚ್ ೯, ಮಂಗಳವಾರ

ಸಂಶಯ ಇರುವವುಗಳನ್ನು ಬರೆದಿಟ್ಟುಕೊಳ್ಳುತ್ತೇನೆ. ಹತ್ತನೇ ವಯಸ್ಸಿನಲ್ಲಿ ಮೆಟ್ಟಿಲಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಹದಿನಾರರಲ್ಲಿ ಬಂದ ಜ್ವರ. ಹೋದ ವರ್ಷ ಕೋಣೆಗೆ ಹೊಡೆಸಿದ ಬಣ್ಣ, ವಾಸನೆ ಒಂದು ತಿಂಗಳು ಹೋಗಿರಲಿಲ್ಲ. ಅಂಗಡಿಯ ಎಣ್ಣೆ. ಮೇಲಿನ ಮನೆಯ ಬಾಡಿಗೆಯವನು, ಇವಳು ಮೆಟ್ಟಿಲಿಳಿಯುವ ಹೊತ್ತಿಗೇ ಸರಿಯಾಗಿ ಬಾಗಿಲು ತೆಗೆಯುತ್ತಾನೆ. ಎರಡು ಸಲ ನಾನೇ ನಿಂತು ನೋಡಿದೆ, ಎರಡು ಸಲವೂ ತೆಗೆದ.

ನಲ್ಲಿಯ ನೀರಿನಲ್ಲಿ ಏನಾದರೂ ಇರಬಹುದೇ ಎಂದು ಲೋಟ ತುಂಬಿಸಿ ಮೂಸಿ ನೋಡುತ್ತಿದ್ದೆ. ನನ್ನವಳು ಲಾಂಡ್ರಿಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. ದಿನವಿಡೀ ಇಸ್ತ್ರಿ ಪೆಟ್ಟಿಗೆ ಹಿಡಿದು ಅವಳ ಭುಜ ಒಂದು ಕಡೆ ಇಳಿದುಹೋಗಿದೆ.

"ಇದೇನ್ರೀ, ನೀವೂ ಶುರು ಮಾಡಿದ್ರಾ?" ಎಂದಳು. ಹಾಸ್ಯಕ್ಕೆ ಹೊತ್ತುಗೊತ್ತು ಬೇಡವೇ.

ಮಾರ್ಚ್ ೧೪, ಭಾನುವಾರ

ಅಕ್ಕ ಬಂದಿದ್ದಳು. ಬಾಬಿನ್ನಿನ ತಲೆ ಬಾಚಿ ಜಡೆ ಹಾಕಿದಳು. ಆಮೇಲೆ ಅಂಗಡಿಗೆ ಬಂದು, ಬಾಗಿಲು ಮುಂದೆ ಮಾಡಿ, ಸ್ಟೂಲಿನ ಮೇಲೆ ಕೂತಳು.

"ಆ ಮಗು ಗೋಡೆ ಕಡೆ ತಿರುಗಿ ಕೂರೋದು ಥೇಟ್ ಅಣ್ಣನ ಥರಾನೇ ಕಣೋ. ಡಾಕ್ಟರಿಗೆ ಹೇಳಿದ್ಯಾ?"

"ಅಣ್ಣಂಗೂ ಇದಕ್ಕೂ ಏನು ಸಂಬಂಧ?"

"ಸಂಬಂಧ ಇದ್ಯೋ ಇಲ್ವೋ ಅವರು ಹೇಳ್ತಾರೆ. ನೀನು ಹೇಳೋದು ಹೇಳು."

"ಅವನಿಗೆ ಸಹವಾಸ ಕೆಟ್ಟಿತ್ತು. ಮನೆ ಬಿಟ್ಟು ಹೋದ. ಅಷ್ಟೇ."

"ಮನೆ ಬಿಟ್ಟು ಹೋದ್ನಾ?" ಎಂದಳು ಅಕ್ಕ. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಮಗಳ ತಲೆಗೆ ಇಲ್ಲದ್ದು ತುಂಬಬೇಡ, ನೀನೂ ಸ್ವಲ್ಪ ದಿನ ಬರಬೇಡ ಎಂದುಬಿಟ್ಟೆ. ಚೀಲ ಎತ್ತಿಕೊಂಡು ಹೊರಟಳು. ಚಹಾ ಹಾಗೇ ಇತ್ತು.

ಬಾಬಿನ್ ಸಂಜೆ ಕೇಳಿದಳು: "ಅತ್ತೆ ಯಾಕೆ ಹೇಳದೆ ಹೋದ್ರು?"

ಮಾರ್ಚ್ ೨೭, ಶನಿವಾರ

ಇವತ್ತಿನದನ್ನು ಬರೆಯಲು ಕೈ ಬರುತ್ತಿಲ್ಲ.

ಬಾಬಿನ್ ಅಂಗಡಿಗೆ ಬಂದಳು, ತಾನಾಗೇ ಬಂದಳು. ಕಿಟಕಿಯ ಪಕ್ಕದ ತನ್ನ ಹಳೇ ಮಿಷನ್ನಿನ ಮುಂದೆ ಕೂತಳು. ಐದನೇ ವಯಸ್ಸಿಗೆ ಕಣ್ಣು ಮುಚ್ಚಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದ ಹುಡುಗಿ ಅವಳು. ಗಿರಾಕಿಗಳು ಅದನ್ನು ನೋಡುವುದಕ್ಕೇ ನಿಲ್ಲುತ್ತಿದ್ದರು. ಇವತ್ತು ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಸೂಜಿಯ ಹತ್ತಿರ ತಂದಳು. ಕೈ ನಡುಗಿತು. ಇನ್ನೊಂದು ಸಲ, ಮತ್ತೊಂದು ಸಲ. ಎಣಿಸಬಾರದು ಅಂದುಕೊಂಡರೂ ಎಣಿಸಿದೆ, ಹತ್ತೊಂಬತ್ತು ಸಲ. ಆಮೇಲೆ ದಾರವನ್ನು ಮಡಿಚಿ ಮಿಷನ್ನಿನ ಮೇಲಿಟ್ಟು ಎದ್ದು ಒಳಗೆ ಹೋದಳು.

ಆ ಕೈ ಕೂಡ ಹೋಯಿತಲ್ಲ.

ಏಪ್ರಿಲ್ ೨, ಶುಕ್ರವಾರ

ಐದು ದಿನ ಯೋಚಿಸಿದೆ. ಫೋನು ತೆಗೆದೆ, ಗೆಳತಿಯನ್ನು ತೆಗೆದೆ, ಕೆಲಸ ತೆಗೆದೆ, ಕೋಣೆಯ ಬಣ್ಣ ಕೆರೆಸಿದೆ. ತೆಗೆಯದೇ ಉಳಿದದ್ದು ಒಂದೇ, ಮಾತ್ರೆ. ನಡುಕ ಕಾಯಿಲೆಯದೋ ಮಾತ್ರೆಯದೋ ಎಂದು ತಿಳಿಯಬೇಕಾದರೆ ಮಾತ್ರೆ ನಿಲ್ಲಿಸಿ ನೋಡದೆ ಬೇರೆ ದಾರಿಯೇ ಇಲ್ಲ. ಎರಡು ವರ್ಷ ನಿಲ್ಲಿಸಲೇಬಾರದು ಎಂದಿದ್ದಾರೆ ಡಾಕ್ಟರಮ್ಮ. ಅವರಿಗೆ ಹೇಳಿದರೆ ಒಪ್ಪುವುದಿಲ್ಲ. ನನ್ನವಳಿಗೆ ಹೇಳಿದರೆ ಮನೆಯೇ ಎದ್ದುಹೋಗುತ್ತದೆ.

"ಬೆಳಿಗ್ಗೆ ನಿನಗೆ ಅವಸರ, ಇನ್ಮೇಲೆ ಮಾತ್ರೆ ನಾನು ಕೊಡ್ತೀನಿ," ಎಂದೆ. ಪಾಪ, ಅವಳ ಮುಖ ಅರಳಿತು. "ಅಷ್ಟು ಮಾಡಿದ್ರೆ ಪುಣ್ಯ ಬರತ್ತೆ ನಿಮಗೆ," ಎಂದಳು.

ಬಾಬಿನ್ನಿಗೆ ಮಾತ್ರ ನಿಜ ಹೇಳಿದೆ. "ಹದಿನೈದು ದಿನ ನಿಲ್ಲಿಸಿ ನೋಡೋಣ ಮರಿ. ಅಮ್ಮಂಗೆ ಹೇಳ್ಬೇಡ."

"ನಿಲ್ಲಿಸಬಹುದಾ ಅಪ್ಪಾ?"

"ನಾನಿದೀನಲ್ಲ."

"ಸರಿ," ಎಂದಳು. ಚಿಕ್ಕವಳಿದ್ದಾಗ ರಸ್ತೆ ದಾಟಲು ಕೈ ಕೊಡುತ್ತಿದ್ದಾಗಲೂ ಹೀಗೇ ಸರಿ ಎನ್ನುತ್ತಿದ್ದಳು.

ಪ್ರತಿದಿನದ ಮಾತ್ರೆಯನ್ನು ಪಟ್ಟಿಯಿಂದ ಬಿಡಿಸಿ ಅಂಗಡಿಯ ಮುರಿದ ಸೂಜಿಗಳ ಡಬ್ಬಿಗೆ ಹಾಕುತ್ತೇನೆ. ಖಾಲಿ ಪಟ್ಟಿ ಅಡುಗೆಮನೆಯಲ್ಲೇ ಇರುತ್ತದೆ, ನನ್ನವಳ ಕಣ್ಣಿಗೆ ಬೀಳುವ ಹಾಗೆ.

ಏಪ್ರಿಲ್ ೧೨, ಸೋಮವಾರ

ಸಿಕ್ಕಿತು! ಸಿಕ್ಕಿತು!

ನಡುಕ ನಿಂತಿದೆ. ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಬಂದು ಮಿಷನ್ನಿನ ಮುಂದೆ ಕೂತವಳು ಒಂದೇ ಸಲಕ್ಕೆ ದಾರ ಪೋಣಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಕಣ್ಣು ಮುಚ್ಚಿಕೊಂಡು, ದಾರ ಎಳೆದು ಮತ್ತೆ ಪೋಣಿಸಿದಳು. ನಾನು ಹುಚ್ಚನ ಹಾಗೆ ಚಪ್ಪಾಳೆ ತಟ್ಟಿದೆ. ಬಟನ್ ಹಾಕಿಸಲು ಬಂದಿದ್ದ ಮೇಷ್ಟ್ರು ಏನಾಯಿತು ಎಂದು ಬೆಪ್ಪಾಗಿ ನೋಡಿದರು. ನನ್ನ ಅಂಗಿಯ ಕಿತ್ತುಹೋದ ಜೇಬನ್ನು ಹೊಲಿದುಕೊಟ್ಟಳು. ಹೊಲಿಗೆ ನೋಡಬೇಕು, ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗಿದೆ. ಮಧ್ಯಾಹ್ನ ಹೊಟ್ಟೆ ತುಂಬ ಉಂಡಳು. ಮಾತು ಬಂದಿದೆ, ನಗು ಬಂದಿದೆ, ಮುಖಕ್ಕೆ ಕಳೆ ಬಂದಿದೆ. "ಏನ್ ಮೆಕ್ಯಾನಿಕಪ್ಪಾ, ನನ್ನ ಯಾವ ತಿರುಪು ಬಿಗಿ ಮಾಡಿದೆ?" ಎಂದು ನನ್ನನ್ನೇ ರೇಗಿಸಿದಳು. ಎರಡು ತಿಂಗಳಲ್ಲಿ ಅವಳ ಬಾಯಲ್ಲಿ ಇಂಥ ಮಾತು ಕೇಳಿಲ್ಲ.

ಡಾಕ್ಟರಮ್ಮ ಓದಿದವರು, ಗೋಡೆಯ ಮೇಲೆ ಅಷ್ಟೊಂದು ಪ್ರಮಾಣಪತ್ರ ತೂಗುಹಾಕಿಕೊಂಡವರು. ತಪ್ಪು ಹಿಡಿದದ್ದು ಯಾರು? ಅಣ್ಣನ ಮಾತೆತ್ತಿದ ಅಕ್ಕನನ್ನು ಕರೆದು ತೋರಿಸಬೇಕು ಅನ್ನಿಸುತ್ತಿದೆ. ರಕ್ತವಂತೆ, ವಂಶವಂತೆ!

ನನ್ನವಳೂ ಖುಷಿಯಾಗಿದ್ದಾಳೆ. "ಮಾತ್ರೆ ಹಿಡಿಸಿದೆ ನೋಡಿ," ಎಂದಳು. ನಾನು ಹೂಂ ಎಂದೆ. ಅದೊಂದು ಸ್ವಲ್ಪ ಕಚ್ಚಿತು. ಇರಲಿ, ಪೂರ್ತಿ ವಾಸಿಯಾದ ಮೇಲೆ ಹೇಳುತ್ತೇನೆ.

ಏಪ್ರಿಲ್ ೧೯, ಸೋಮವಾರ

ಚೆನ್ನಾಗಿದ್ದಾಳೆ. ನಿದ್ದೆ ಸ್ವಲ್ಪ ಕಡಿಮೆ. ಕೆಲಸದ ಉಮೇದು ಹೆಚ್ಚಾದರೆ ಯಾರಿಗೂ ಹಾಗೇ. ನನಗೂ ನಿದ್ದೆ ಇಲ್ಲ.

ಏಪ್ರಿಲ್ ೨೫, ಭಾನುವಾರ

ಕಿವಿಗೆ ಹತ್ತಿ ಇಟ್ಟುಕೊಂಡಿದ್ದಾಳೆ. ಗಾಳಿ ತಣ್ಣಗಿದೆ, ಅದಕ್ಕೆ ಎಂದಳು.

ಗಾಳಿ ತಣ್ಣಗಿಲ್ಲ.

ಏಪ್ರಿಲ್ ೨೯, ಗುರುವಾರ

ಮತ್ತೆ ಶುರು ಮಾಡೋಣವಾ ಎಂದು ಮಾತ್ರೆ ಕೈಯಲ್ಲಿ ಹಿಡಿದು ಕೇಳಿದೆ. ನನ್ನ ಅಂಗೈಯನ್ನು ತುಂಬ ಹೊತ್ತು ನೋಡಿದಳು. "ಇದನ್ನ ಯಾರು ಕೊಟ್ಟು ಕಳಿಸಿದ್ರು?" ಎಂದಳು.

ನನ್ನವಳು ಏನಾದರೂ ಗಮನಿಸಿದಳೇ ಎಂದು ನೋಡಿದೆ. ಇಲ್ಲ. ಇಸ್ತ್ರಿ ಮಾಡಿ ಮಾಡಿ ಅವಳು ಕೂತಲ್ಲೇ ತೂಕಡಿಸುತ್ತಾಳೆ.

ಮೇ ೪, ಮಂಗಳವಾರ

ಬೆಳಿಗ್ಗೆ ಅವಳ ಕೋಣೆಯ ಬಾಗಿಲು ತೆಗೆದರೆ ಹೆಜ್ಜೆ ಇಡಲು ಜಾಗವಿಲ್ಲ. ಅವಳ ಬಟ್ಟೆ, ಅಮ್ಮನ ಬಟ್ಟೆ, ನನ್ನ ಅಂಗಿಗಳು, ಹೊದಿಕೆ, ದಿಂಬಿನ ಚೀಲ, ಕಿಟಕಿಯ ಪರದೆ, ಎಲ್ಲದರ ಹೊಲಿಗೆ ಬಿಚ್ಚಿ ತುಂಡು ತುಂಡು ಮಾಡಿ ಹರಡಿದ್ದಳು. ಹರಿದದ್ದಲ್ಲ. ಒಂದೊಂದೇ ಹೊಲಿಗೆಯನ್ನು ಸೂಜಿಯ ಮೊನೆಯಲ್ಲಿ ಎತ್ತಿ ಎತ್ತಿ ಬಿಡಿಸಿದ್ದು. ತೋಳು ಬೇರೆ, ಕಾಲರು ಬೇರೆ. ಹತ್ತು ಬೆರಳಿಗೂ ಚುಚ್ಚಿಕೊಂಡು ರಕ್ತ. ಮಧ್ಯದಲ್ಲಿ ಕೂತು ನನ್ನ ಜೇಬನ್ನು ಬಿಚ್ಚುತ್ತಿದ್ದಳು, ಅವತ್ತು ತಾನೇ ಹೊಲಿದುಕೊಟ್ಟ ಜೇಬು.

"ಹೊಲಿಗೆ ಒಳಗೆ ಬರೆದು ಕಳಿಸ್ತಿದಾರೆ. ಇನ್ನೊಂದೇ ಒಂದು ಉಳಿದಿದೆ ಅಪ್ಪಾ, ಮುಟ್ಟಬೇಡ," ಎಂದಳು.

ನನ್ನವಳು ಮೆಟ್ಟಿಲ ಹತ್ತಿರ ಓಡಿ ಕೂಗಿದಳು. ಮೇಲಿನ ಮನೆಯವನು, ಆ ಬಾಡಿಗೆಯವನೇ, ಇಳಿದು ಬಂದು ಆಸ್ಪತ್ರೆಗೆ ಗಾಡಿ ಕರೆಸಿ, ಬಾಬಿನ್ ಜೊತೆ ಮೆಲ್ಲಗೆ ಮಾತಾಡುತ್ತ ಅದರಲ್ಲಿ ಕೂರಿಸಿದ.

ಮೇ ೬, ಗುರುವಾರ

ಮೊದಲ ಸಲಕ್ಕಿಂತ ಜೋರಾಗಿದೆಯಂತೆ. ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡರು.

"ಮಾತ್ರೆ ನಾಲಿಗೆ ಅಡಿ ಇಟ್ಕೊಂಡು ಆಮೇಲೆ ಉಗುಳ್ತಿದ್ದೆ ಅಂತ ಅವಳೇ ಹೇಳಿದ್ಲು. ಅಪ್ಪ ದಿನಾ ಸರಿಯಾಗಿ ಕೊಡ್ತಿದ್ರು, ಅವರಿಗೆ ಗೊತ್ತಿಲ್ಲ ಅಂದ್ಲು."

ನನ್ನವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಡಾಕ್ಟರಮ್ಮ ಇನ್ನೂ ಏನೇನೋ ಹೇಳಿದರು. ಇನ್ನು ಮೇಲೆ ಇವಳ ಮಾತು ನಂಬುವ ಹಾಗಿಲ್ಲ, ಮನೆಗೆ ಹೋದ ಮೇಲೆ ಮಾತ್ರೆ ಬದಲು ತಿಂಗಳಿಗೊಂದು ಇಂಜೆಕ್ಷನ್ ಆಗಬಹುದು, ವಾರ್ಡಿನಲ್ಲಿ ಪ್ರತಿಸಲ ಬಾಯಿ ತಪಾಸಣೆ ಮಾಡುತ್ತಾರೆ. ನಾನು ತಲೆಯಾಡಿಸುತ್ತ ಕೂತಿದ್ದೆ.

ಅಷ್ಟೊಂದು ಕಲಸಿಹೋದ ತಲೆಯಲ್ಲೂ ನನ್ನನ್ನು ಕಾಪಾಡಬೇಕು ಅನ್ನುವುದೊಂದು ಅವಳಿಗೆ ನೆನಪಿತ್ತು.

ಮೇ ೭, ಶುಕ್ರವಾರ

ಹೇಳಲಿಲ್ಲ.

ಮೇ ೮, ಶನಿವಾರ

ವಾರ್ಡಿನಲ್ಲಿ ಮಾತ್ರೆಯ ಹೊತ್ತಿಗೆ ಅಲ್ಲೇ ಇದ್ದೆ. ನರ್ಸಮ್ಮ ಮಾತ್ರೆ ಕೊಟ್ಟು ನೀರು ಕುಡಿಸಿದರು. "ಬಾಯಿ ತೆಗಿ. ಇನ್ನೂ ಅಗಲ. ನಾಲಿಗೆ ಎತ್ತು. ಆ ಕಡೆ ಹೊರಳಿಸು." ಆರು ಮಂಚದವರೂ ನೋಡುತ್ತಿದ್ದರು. ನನ್ನ ಮಗಳು ಬಾಯಿ ತೆಗೆದಳು, ನಾಲಿಗೆ ಎತ್ತಿದಳು, ಹೊರಳಿಸಿದಳು. ಕಣ್ಣು ಮಾತ್ರ ನನ್ನ ಕಡೆಗಿತ್ತು. ನಾನು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತೆ.

ಇವತ್ತೂ ಹೇಳಲಿಲ್ಲ. ಇಂಥ ಅಪ್ಪ ಯಾರಿಗೂ ಬೇಡ.

ಮೇ ೯, ಭಾನುವಾರ

ಇದನ್ನು ಎಂದೂ ಬರೆದಿಲ್ಲ, ಯಾರಿಗೂ ಹೇಳಿಲ್ಲ.

ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. ಇಪ್ಪತ್ತನೇ ವಯಸ್ಸಿನಲ್ಲಿ ಗೋಡೆಯ ಜೊತೆ ಮಾತಾಡಲು ಶುರು ಮಾಡಿದ. ಅಪ್ಪ ಅವನನ್ನು ಹಿಂದಿನ ಕೋಣೆಗೆ ಸೇರಿಸಿ ಹೊರಗಿನಿಂದ ಚಿಲಕ ಹಾಕಿದರು. ಯಾರಾದರೂ ಕೇಳಿದರೆ ಬೇರೆ ಊರಲ್ಲಿ ಕೆಲಸದಲ್ಲಿದ್ದಾನೆ ಅನ್ನಬೇಕಿತ್ತು. ಎರಡು ವರ್ಷ ಅವನಿಗೆ ತಟ್ಟೆ ಕೊಂಡುಹೋದವನು ನಾನು. ತಟ್ಟೆ ಇಡುವುದು, ಚಿಲಕ ಹಾಕುವುದು. ಒಂದು ದಿನ ಮಧ್ಯಾಹ್ನ ಅಣ್ಣ ಬಾಗಿಲ ಸಂದಿಯಿಂದ, "ಚಿಲಕ ಹಾಕಬೇಡ್ವೋ, ಒಂದು ಸುತ್ತು ಹೋಗಿ ಬರ್ತೀನಿ," ಎಂದ. ಎಷ್ಟು ಚೆನ್ನಾಗಿ ಕೇಳಿದ ಎಂದರೆ, ಗುಣವಾಗಿದೆ ಅಂದುಕೊಂಡೆ. ಚಿಲಕ ಹಾಕಲಿಲ್ಲ. ಅವನು ತಿರುಗಿ ಬರಲಿಲ್ಲ. ನನಗೆ ಹದಿಮೂರು ವರ್ಷ. ಚಿಲಕ ಸಡಿಲವಾಗಿತ್ತು ಎಂದು ಅಪ್ಪನಿಗೆ ಹೇಳಿದೆ. ಅವರು ಹೊಸ ಚಿಲಕ ತಂದು ಹಾಕಿಸಿದರು, ಖಾಲಿ ಕೋಣೆಗೆ.

ಫಾರಮ್ಮಿನಲ್ಲಿ ಹೌದು ಎಂದು ಬರೆದರೆ ಅದು ಬಾಬಿನ್ನಿಗೆ ನನ್ನ ಕಡೆಯಿಂದ ಬಂತು ಎಂದಾಗುತ್ತಿತ್ತು. ಬೇರೆ ಎಲ್ಲಾದರೂ ಸಿಗುತ್ತದೇನೋ ಎಂದು ಹುಡುಕಿದೆ.

ಮೇ ೧೧, ಮಂಗಳವಾರ

ಹೇಳಿದೆ.

ಮುರಿದ ಸೂಜಿಗಳ ಡಬ್ಬಿಯನ್ನು ಡಾಕ್ಟರಮ್ಮನ ಮೇಜಿನ ಮೇಲೆ ಬೋರಲು ಹಾಕಿದೆ. ಮಾತ್ರೆಗಳು ಸೂಜಿಗಳ ಜೊತೆ ಹರಡಿಕೊಂಡವು. ಅವಳು ಉಗುಳಿಲ್ಲ, ನಾನೇ ಕೊಟ್ಟಿಲ್ಲ ಎಂದೆ. ನನ್ನವಳು ನನ್ನ ಪಕ್ಕದ ಕುರ್ಚಿಯಲ್ಲಿದ್ದಳು. ಎದ್ದು ಹೋಗಿ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಳು.

ಬೈಗುಳಕ್ಕೆ ಕಾದಿದ್ದೆ. ಡಾಕ್ಟರಮ್ಮ ಒಂದೊಂದೇ ಮಾತ್ರೆಯನ್ನು ಸೂಜಿಯಿಂದ ಬೇರೆ ಮಾಡುತ್ತ, "ಯಾಕೆ?" ಎಂದರು. ಅವಳ ಕೈ ನಡುಗುತ್ತಿತ್ತು, ದಾರ ಪೋಣಿಸಕ್ಕಾಗುತ್ತಿರಲಿಲ್ಲ ಎಂದೆ.

"ನಡುಕ ನೋಡಿದ ದಿನ ಒಂದು ಫೋನ್ ಮಾಡಿದ್ರೆ ಸಾಕಿತ್ತು. ಪ್ರಮಾಣ ಸ್ವಲ್ಪ ಇಳಿಸ್ತಿದ್ದೆ. ನಡುಕಕ್ಕೇ ಅಂತ ಬೇರೆ ಒಂದು ಸಣ್ಣ ಮಾತ್ರೆ ಇದೆ. ಒಂದು ವಾರದಲ್ಲಿ ಪೋಣಿಸ್ತಿದ್ಲು."

ಒಂದು ವಾರ.

ಆಮೇಲೆ ಹಳೇ ಫಾರಂ ಕೇಳಿ ಪಡೆದೆ. ಇಲ್ಲ ಎಂಬುದನ್ನು ಹೊಡೆದುಹಾಕಿ ಅಣ್ಣನ ವಿಷಯ ಬರೆದೆ, ಚಿಲಕದ ಮಾತನ್ನು ನನ್ನವಳಿಗೂ ಕೇಳಿಸುವ ಹಾಗೆ ಬಾಯಿಬಿಟ್ಟು ಹೇಳಿದೆ. ಅವರು ಓದಿ, "ಇದರರ್ಥ ನಿಮ್ಮಿಂದ ಬಂತು ಅಂತ ಅಲ್ಲ. ದೊಡ್ಡಪ್ಪನಿಗೋ ಅಜ್ಜನಿಗೋ ಇದ್ದು ತಮಗೆ ಏನೂ ಆಗದೇ ಇರೋರೇ ಜಾಸ್ತಿ," ಎಂದರು. ಒಳ್ಳೆಯ ಹೆಂಗಸು. ಆದರೆ ನನ್ನ ಒಳಗೆ ಅದು ಇಳಿಯಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನನ್ನವಳು ಒಂದೇ ಮಾತಾಡಿದ್ದು. "ಇಪ್ಪತ್ತೈದು ವರ್ಷ ಸಂಸಾರ ಮಾಡಿದೀನಿ. ಚಿಲಕ ಹಾಕಿದ್ರಿ ಅಂತ ಒಂದು ದಿನ ಹೇಳಿದ್ರಾ?"

ಮೇ ೧೨, ಬುಧವಾರ

ನರ್ಸಮ್ಮ ಬಾಯಿ ತಪಾಸಣೆ ಬಿಟ್ಟಿದ್ದಾರೆ. ಬಾಬಿನ್ ಅಭ್ಯಾಸಕ್ಕೆ ತಾನೇ ಬಾಯಿ ತೆಗೆದು ನಾಲಿಗೆ ಎತ್ತಿದಳು.

ಜೂನ್ ೨೦, ಭಾನುವಾರ

ಮಗಳು ಮನೆಗೆ ಬಂದು ಮೂರು ದಿನ. ಈ ಸಲ ಏಳುವುದು ನಿಧಾನ ಎಂದಿದ್ದಾರೆ. ಕೆಲವರು ಮೊದಲಿನ ಮೆಟ್ಟಿಲಿಗೆ ಪೂರ್ತಿ ಬರುವುದಿಲ್ಲವಂತೆ, ಕೆಲವರು ಬರುತ್ತಾರಂತೆ. ನಾನು ಯಾವುದು ಎಂದು ಒತ್ತಾಯಿಸಿ ಕೇಳಲಿಲ್ಲ.

ಫೋನು ವಾಪಸು ಕೊಟ್ಟೆ, ಹಾಡು ಹಾಕಿಕೊಳ್ಳಲಿಲ್ಲ. ಕನ್ನಡಕದ ಹುಡುಗಿಯ ಮನೆಗೆ ಹೋಗಿ ಕೈಮುಗಿದು ಕರೆದೆ. ಬರ್ತೀನಿ ಅಂಕಲ್ ಎಂದಳು, ಇನ್ನೂ ಬಂದಿಲ್ಲ. ಕಾರ್ಖಾನೆಯಲ್ಲಿ ಅವಳ ಜಾಗಕ್ಕೆ ಬೇರೆಯವಳು ಬಂದಾಗಿದೆ. ಅಕ್ಕನನ್ನೂ ಕರೆದೆ, ಬಿಚ್ಚಿದ ಬಟ್ಟೆಗಳನ್ನು ಅವಳು ಬಂದು ಕೂತು ಹೊಲಿಯುತ್ತಿದ್ದಾಳೆ. ಕೆಲವಕ್ಕೆ ತೋಳು ಯಾವುದು, ಬೆನ್ನು ಯಾವುದು ಎಂದು ಗೊತ್ತಾಗುತ್ತಿಲ್ಲ. ನನ್ನವಳು ಮಾತ್ರೆ ತಾನೇ ಕೊಡುತ್ತಾಳೆ, ಡಬ್ಬಿಯ ಬೀಗದ ಕೈ ತಾಳಿಯ ಸರಕ್ಕೆ ಕಟ್ಟಿಕೊಂಡಿದ್ದಾಳೆ. ಊಟ ಬಡಿಸುತ್ತಾಳೆ, ಮುಖ ಕೊಟ್ಟು ಮಾತಾಡುವುದಿಲ್ಲ.

ಅಂಗಡಿಗೆ ಒಬ್ಬಾಕೆ ಮಿಷನ್ ತಂದಿದ್ದರು. ಎರಡು ಗಂಟೆ ನೋಡಿದೆ. ಏನು ಮಾಡಿದೆನೋ, ಓಡಿತು. ಯಾಕೆ ನಿಂತಿತ್ತು ಎಂದು ಕೇಳಿದರು. ಗೊತ್ತಾಗಲಿಲ್ಲಮ್ಮ ಎಂದೆ.

ಜುಲೈ ೪, ಭಾನುವಾರ

ಮಧ್ಯಾಹ್ನ ಬಾಬಿನ್ ಅಂಗಡಿಗೆ ಬಂದು ಕಿಟಕಿಯ ಪಕ್ಕ ಕೂತಳು. ಸಣ್ಣ ಮಾತ್ರೆಯಿಂದ ನಡುಕ ಕಡಿಮೆಯಾಗಿದೆ, ಆದರೂ ದಾರ ಕೈಗೆತ್ತಿಕೊಳ್ಳುವುದಿಲ್ಲ. ರಸ್ತೆ ನೋಡುತ್ತ ಕೂತಿರುತ್ತಾಳೆ. ಅಕ್ಕ ಅಣ್ಣನ ಸುದ್ದಿ ಹೇಳಿರಬೇಕು.

"ದೊಡ್ಡಪ್ಪಂಗೆ ಏನು ಕೇಳಿಸ್ತಿತ್ತು ಅಪ್ಪಾ?"

"ಗೊತ್ತಿಲ್ಲ ಮರಿ."

"ಎರಡು ವರ್ಷ ಊಟ ಕೊಟ್ಯಂತೆ. ಒಂದು ಸಲಾನೂ ವಿಚಾರಿಸಲಿಲ್ವಾ?"

"ಇಲ್ಲ."

ಅವಳು ಮಿಷನ್ನಿನ ಚಕ್ರವನ್ನು ಬೆರಳಿನಲ್ಲಿ ಸ್ವಲ್ಪ ತಿರುಗಿಸಿ ಬಿಟ್ಟಳು. "ನನ್ನನ್ನೂ ವಿಚಾರಿಸಿಲ್ಲ ನೀನು," ಎಂದಳು. ದೂರುವ ಹಾಗಿರಲಿಲ್ಲ, ಸುಮ್ಮನೆ ನೆನಪಾದ ಹಾಗೆ ಹೇಳಿದಳು.

ಈಗ ಬರೆಯುವ ಮೊದಲು ಈ ಪುಸ್ತಕವನ್ನು ಮೊದಲಿನಿಂದ ತಿರುವಿ ನೋಡಿದೆ. ಅವಳು ಹೇಳಿದ್ದು ನಿಜ. ಐದು ತಿಂಗಳಿಂದ ಇದೊಂದನ್ನು ಕೇಳಿಲ್ಲ ನಾನು. ಅವಳು ಹಾಗೆ ಅಂದ ಮೇಲೆ ಎದ್ದು ಹೋಗಿ ಅವಳ ಪಕ್ಕದ ಸ್ಟೂಲಿನಲ್ಲಿ ಕೂತೆ.

"ಈಗಲೂ ಕೇಳಿಸತ್ತಾ?"

"ಒಂದೊಂದು ಸಲ. ಮೊದಲಿನಷ್ಟು ಜೋರಾಗಿಲ್ಲ."

"ಯಾರ ದನಿ?"

ತಿರುಗಿ ನನ್ನ ಮುಖ ನೋಡಿದಳು. ಹೇಳಬೇಕೋ ಬೇಡವೋ ಎಂದು ಲೆಕ್ಕ ಹಾಕುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ನನ್ನನ್ನು ಈಗಲೂ ಕಾಪಾಡಲು ನೋಡುತ್ತಿದ್ದಳು.

"ಮೊದಲು ಯಾರ್‍ಯಾರದೋ ಇತ್ತು. ಈಗ ನಿಂದು ಅಪ್ಪಾ."

"ಬೈಯುತ್ತಾ?"

"ಇಲ್ಲ. ಬೈಯಲ್ಲ." ಅವಳು ರಸ್ತೆಯ ಕಡೆ ತಿರುಗಿದಳು. "ಎಲ್ಲಿಂದ ಶುರುವಾಯ್ತು ಹೇಳು, ಎಲ್ಲಿಂದ ಶುರುವಾಯ್ತು ಹೇಳು ಅಂತ ಕೇಳ್ತಾ ಇರತ್ತೆ. ನಾನು ಗೊತ್ತಿಲ್ಲ ಅಪ್ಪಾ ಅಂತೀನಿ. ಅದು ನಿಲ್ಲಿಸಲ್ಲ."

ಏನಾದರೂ ಹೇಳಲು ಬಾಯಿ ತೆರೆದೆ. ಅವಳು ಕೇಳುತ್ತಿರುವ ದನಿಯೇ ಹೊರಗೆ ಬರುತ್ತದೆ ಎಂದು ಹೆದರಿ ಮುಚ್ಚಿಕೊಂಡೆ. ಅಕ್ಕ ಚಹಾ ತಂದಿಟ್ಟು ಹೋಗುವವರೆಗೂ ಇಬ್ಬರೂ ರಸ್ತೆ ನೋಡುತ್ತ ಕೂತಿದ್ದೆವು.